‘ಯಾರ್ ಹೇಳಿದ್ದು?’ ಎನ್ನುತ್ತಿದ್ದ ಮೇಡಂ

ಮೇಡಂ ಹೋಗಿಬಿಟ್ಟರು ಎಂದು ಅವರ ಪಂಚಾಯ್ತಿಯ ಗುಮಾಸ್ತ ಫೋನ್ ಮಾಡಿದಾಗ ನನ್ನ ಬಾಯಿಂದ ಮೊದಲು ಹೊರಟ ಮಾತು, “ಯಾರ್ ಹೇಳಿದ್ದು?” ಆಮೇಲೆ ಇಬ್ಬರಿಗೂ ನಗು ಬಂತು, ನಗುವಿನ ಹಿಂದೆಯೇ ಅಳುವೂ ಬಂತು. ಅದು ನನ್ನ ಮಾತಲ್ಲ, ಅವರದು. ಮಳೆ ಬರುತ್ತಿದೆ ಎಂದರೂ ಅವರು “ಯಾರ್ ಹೇಳಿದ್ದು?” ಎಂದೇ ಕೇಳುತ್ತಿದ್ದರು. ಕೇಳಿ, ಕಿಟಕಿಯಿಂದ ಕೈ ಚಾಚಿ, ಅಂಗೈ ಒದ್ದೆಯಾದ ಮೇಲೆ “ಹೂಂ, ಸರಿ” ಅನ್ನುತ್ತಿದ್ದರು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದಿದ್ದರೆ ಯಾಕೆ ಬರೆದೆ, ಯಾರು ಬರೆಸಿದರು, ಇದರಿಂದ ನಿನಗೇನು ಲಾಭ ಎಂದು ಕೇಳುತ್ತಿದ್ದರು, ಒಂದಕ್ಕೂ ನನ್ನಲ್ಲಿ ಸರಿಯಾದ ಉತ್ತರ ಇರುತ್ತಿರಲಿಲ್ಲ. ದೊಡ್ಡಬಳ್ಳಾಪುರದಿಂದ ದೇವನಹಳ್ಳಿ ಕಡೆಗೆ ಹೋಗುವ ದಾರಿಯ ಒಂದು ಗ್ರಾಮ ಪಂಚಾಯ್ತಿಗೆ ಅವರು ಪಿಡಿಓ ಆಗಿದ್ದರು ಎಂದರೆ ಸಾಕು. ಕಾಗದದ ಮೇಲೆ ಅದು ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ. ಊರಿನವರ ಲೆಕ್ಕದಲ್ಲಿ ನಲ್ಲಿಯಲ್ಲಿ ನೀರು ಬಾರದಿದ್ದರೆ ಬೈಸಿಕೊಳ್ಳಬೇಕಾದವರು. ದಪ್ಪ ಕನ್ನಡಕ, ಎಣ್ಣೆ ಹಾಕಿ ಬಿಗಿದು ಹೆಣೆದ ಜಡೆ, ಹೆಗಲಿಗೆ ಒಂದು ರೆಕ್ಸಿನ್ ಚೀಲ. ಎಲ್ಲಿ ಕೂತರೂ ಆ ಚೀಲ ತೊಡೆಯ ಮೇಲೆಯೇ ಇರುತ್ತಿತ್ತು. ರುಜು ಹಾಕಿದರೆ ರುಜುವಿನ ಬಾಲದಿಂದ ಹಾಳೆಯ ಅಂಚಿನವರೆಗೆ ಒಂದು ಗೆರೆ ಎಳೆದುಬಿಡುತ್ತಿದ್ದರು, ಆಮೇಲೆ ಯಾರೂ ಒಂದಕ್ಷರ ಸೇರಿಸದ ಹಾಗೆ.

ನಾನು ಗುತ್ತಿಗೆ ಕೆಲಸದವಳು. ದೊಡ್ಡಬಳ್ಳಾಪುರದಲ್ಲಿ ಮಗ್ಗದ ಮನೆಯೊಂದರ ಮಹಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ನಕ್ಷೆ ಮಾಡುವುದು ನನ್ನ ಕೆಲಸವಾಗಿತ್ತು. ಕೆಳಗೆ ಮಗ್ಗ ಬಡಿದರೆ ಮೇಲೆ ನನ್ನ ಮೇಜು ಅದುರುತ್ತಿತ್ತು. ಎರಡು ಗ್ರಾಮ ಪಂಚಾಯ್ತಿ, ಒಂದು ಪಟ್ಟಣದ ಕಚೇರಿ, ಒಂದು ಯೋಜನಾ ಕಚೇರಿ, ಈ ನಾಲ್ಕೂ ಸೇರಿ ಒಂದೇ ನಕ್ಷೆ ಇಟ್ಟುಕೊಳ್ಳಬೇಕು ಎಂದು ಮೇಲಿನವರು ತೀರ್ಮಾನಿಸಿದ್ದರು. ರಸ್ತೆ, ನೀರಿನ ಪೈಪು, ಬೀದಿದೀಪ, ಕೆರೆಕುಂಟೆ, ಮನೆ ಎಲ್ಲವೂ ಒಂದೇ ಪರದೆಯ ಮೇಲೆ. ಒಬ್ಬರು ಹಾಕಿದ್ದನ್ನು ಉಳಿದ ಮೂವರೂ ನೋಡಬಹುದು. ಅದಕ್ಕೆ ಕಾರಣವೂ ಇತ್ತು. ಒಂದು ಕಚೇರಿಯವರು ಡಾಂಬರು ಹಾಕಿ ಹೋದರೆ, ಅದು ಆರುವುದನ್ನೇ ಕಾಯುತ್ತಿದ್ದವರ ಹಾಗೆ ಇನ್ನೊಂದು ಕಚೇರಿಯವರು ಪೈಪಿಗೆಂದು ಬಂದು ಅಗೆಯುತ್ತಿದ್ದರು. ಒಂದೇ ಚರಂಡಿಯನ್ನು ಇಬ್ಬರು ಕಟ್ಟಿಸಿದ್ದೇವೆ ಎನ್ನುತ್ತಿದ್ದರು, ಹೋಗಿ ನೋಡಿದರೆ ಅಲ್ಲಿ ಚರಂಡಿಯೇ ಇರಲಿಲ್ಲ. ಇಂಥ ಒಳ್ಳೆಯ ಕೆಲಸವನ್ನು ಯಾರಾದರೂ ಬೇಡ ಅನ್ನುತ್ತಾರೆಯೇ ಎಂದುಕೊಂಡಿದ್ದೆ. ಮೇಡಂ ಬೇಡ ಅಂದರು.

ಮೊದಲ ದಿನ ಮೆಟ್ಟಿಲು ಹತ್ತಿ ಬಂದವರು ನಕ್ಷೆ ನೋಡಲಿಲ್ಲ, ನನ್ನ ಸೀರೆ ನೋಡಿದರು. ಸೆರಗನ್ನು ಎರಡು ಬೆರಳಲ್ಲಿ ಉಜ್ಜಿ ಇದೇನು ಸೀರೆ ಎಂದರು. ರೇಷ್ಮೆ, ಇಲ್ಲೇ ಪೇಟೆಯಲ್ಲಿ ತಗೊಂಡಿದ್ದು ಎಂದೆ. “ಯಾರ್ ಹೇಳಿದ್ದು?” ಎಂದವರೇ ನನ್ನನ್ನು ಒಂದು ಮಾತೂ ಕೇಳದೆ ಸೆರಗಿನ ಕುಚ್ಚಿನಿಂದ ಎಳೆಯೊಂದನ್ನು ಕಿತ್ತು, ಚೀಲದಿಂದ ಬೆಂಕಿಪೊಟ್ಟಣ ತೆಗೆದು ಸುಟ್ಟರು. ಎಳೆ ಕರಗಿ ಸಣ್ಣ ಗಂಟಾಯಿತು. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರಬೇಕು, ಮುಟ್ಟಿದರೆ ಬೂದಿಯಾಗಬೇಕು ಎಂದು ಹೇಳಿ ಆ ಗಂಟನ್ನು ನನ್ನ ಅಂಗೈಗೆ ಹಾಕಿದರು. ಅವರಪ್ಪ ಇದೇ ಊರಿನಲ್ಲಿ ಮಗ್ಗ ಇಟ್ಟಿದ್ದವರಂತೆ, ಈ ಪರೀಕ್ಷೆ ಕಲಿಸಿದ್ದು ಅವರೇ ಅಂತೆ. ಮದುವೆಯ ದಿನದ ನೆನಪಿಗೆಂದು ನನ್ನ ಗಂಡ ಕೊಡಿಸಿದ್ದ ಸೀರೆ ಅದು. ನನಗೆ ಮೈಯೆಲ್ಲ ಉರಿದುಹೋಯಿತು. ಸಂಜೆ ಗಂಡನನ್ನು ತರಾಟೆಗೆ ತಗೊಂಡಿದ್ದು ಬೇರೆ ಮಾತು.

ಆಮೇಲೆ ಅದೇ ಚೀಲದಿಂದ ಬೊಟ್ಟಿನ ಪಾಕೀಟು ತೆಗೆದು, ಕೆಂಪು ಸ್ಟಿಕ್ಕರ್ ಬೊಟ್ಟೊಂದನ್ನು ನನ್ನ ಕಂಪ್ಯೂಟರಿನ ಕ್ಯಾಮೆರಾ ಮೇಲೆ ಅಂಟಿಸಿ, ಈಗ ಹೇಳು ಎಂದು ಕೂತರು. ನಾನು ಒಂದೇ ನಕ್ಷೆಯ ಲಾಭವನ್ನೆಲ್ಲ ಒಪ್ಪಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು. “ನೋಡಮ್ಮ, ನಾಲ್ಕ್ ಜನ ನೋಡೋ ಕಡೆ ಐದನೇವನೂ ನೋಡ್ತಾನೆ. ಆ ಐದನೇವನು ಯಾರು ಅಂತ ಹೇಳು, ಆಮೇಲೆ ನನ್ನ ಭಾಗ ಕೊಡ್ತೀನಿ” ಎಂದು ಎದ್ದು ಹೋದರು.

ಅವರ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ವಿಮಾನ ನಿಲ್ದಾಣ ಬಂದ ಮೇಲೆ ನಮ್ಮ ಕಡೆ ಮಣ್ಣನ್ನು ಯಾರೂ ಮಣ್ಣು ಅನ್ನುವುದಿಲ್ಲ, ಚದರಡಿ ಅನ್ನುತ್ತಾರೆ. ಯಾವ ಜಾಗಕ್ಕೆ ಹೇಳುವವರು ಕೇಳುವವರು ಇಲ್ಲ ಎನ್ನುವುದು ಒಂದೇ ಪರದೆಯಲ್ಲಿ ಕಂಡುಬಿಟ್ಟರೆ ಅದನ್ನು ಮೊದಲು ನೋಡುವವನು ಇಂಜಿನಿಯರ್ ಅಲ್ಲ, ಬ್ರೋಕರ್. ಆದರೂ ಅವರು ತಿಂಗಳುಗಟ್ಟಲೆ ಸತಾಯಿಸಿದರು. ಒಂದು ಸಲ ಸರ್ವರ್ ಇಲ್ಲ, ಇನ್ನೊಂದು ಸಲ ಅಧ್ಯಕ್ಷರು ಊರಲ್ಲಿಲ್ಲ, ಮತ್ತೊಂದು ಸಲ ಪಂಚಾಯ್ತಿ ಬೀರುವಿನ ಕೀಲಿಯೇ ಸಿಗುತ್ತಿಲ್ಲ. ಕೀಲಿ ಅವರ ಸೊಂಟದಲ್ಲೇ ಸಿಕ್ಕಿಸಿಕೊಂಡಿರುತ್ತಿತ್ತು. ಅನುಮಾನಂ ಪೆದ್ದರೋಗಂ, ಅನುಮಾನವೇ ದೊಡ್ಡ ರೋಗ ಎಂದು ಉಳಿದ ಕಚೇರಿಯವರು ನಗುತ್ತಿದ್ದರು. ಕೆಲವರು ನಗುತ್ತಿರಲಿಲ್ಲ. ಇದು ರೋಗ ಅಲ್ಲ ಕಣಮ್ಮ, ವ್ಯಾಪಾರ, ಏನೋ ಮುಚ್ಚಿಡುತ್ತಿದ್ದಾರೆ ಎಂದು ನನ್ನ ಕಿವಿಗೆ ಹಾಕಿದರು.

ಅಂತೂ ಇಂತೂ ಅವರ ಭಾಗ ಬಂತು. ಪಕ್ಕದ ಪಂಚಾಯ್ತಿಯ ಭಾಗ ಮೊದಲೇ ಬಂದಿತ್ತು. ಎರಡನ್ನೂ ಪರದೆಯ ಮೇಲೆ ಅಕ್ಕಪಕ್ಕ ಇಟ್ಟರೆ ಅಂಚಿಗೆ ಅಂಚು ಕೂಡಲಿಲ್ಲ. ನಡುವೆ ಒಂದು ಬಿಳಿ ಜಾಗ ಉಳಿಯಿತು, ಬಟ್ಟೆಯಲ್ಲಿ ತೂತು ಬಿದ್ದ ಹಾಗೆ. ನನ್ನದೇ ತಪ್ಪಿರಬೇಕು ಎಂದು ಮತ್ತೆ ಮತ್ತೆ ಕೂಡಿಸಿದೆ. ತೂತು ಹೋಗಲಿಲ್ಲ. ಅಲ್ಲಿಯವರೆಗೆ ಎರಡು ಪಂಚಾಯ್ತಿಗಳ ನಕ್ಷೆಗಳೂ ಅವರವರ ಬೀರುವಿನಲ್ಲಿ ಬೇರೆ ಬೇರೆಯಾಗಿ ಮಲಗಿದ್ದವು. ಒಂದರ ಪಕ್ಕದಲ್ಲಿ ಒಂದನ್ನು ಇಟ್ಟು ಯಾರೂ ನೋಡಿರಲಿಲ್ಲ. ಮೇಡಂಗೆ ಫೋನ್ ಮಾಡಿ ಹೇಳಿದೆ. ಆವತ್ತು ಅವರು ಯಾರ್ ಹೇಳಿದ್ದು ಅನ್ನಲಿಲ್ಲ. ನಾಳೆ ಬಾ ತೋರಿಸ್ತೀನಿ ಎಂದರು.

ಎರಡು ಊರುಗಳ ನಡುವೆ, ರಸ್ತೆಯಿಂದ ಸ್ವಲ್ಪ ಒಳಗೆ, ಒಂದು ದೊಡ್ಡ ಹೊಂಗೆ ಮರ. ಅದರ ಸುತ್ತ ಜಾಲಿ ಬೆಳೆದಿತ್ತು. ಜಾಲಿಯ ಬುಡದಲ್ಲಿ ಮುರಿದ ಮೊರ, ಒಡೆದ ಮಡಕೆ, ಬಳೆ ಚೂರು, ಮುಳ್ಳಿಗೆ ಸಿಕ್ಕಿಕೊಂಡ ಬಣ್ಣ ಹೋದ ಸೀರೆ. ನಮ್ಮ ಕಡೆ ಊರಿಗೆ ರೋಗರುಜಿನ ಬಂದರೆ ಮಾರಿಯನ್ನು ಗಡಿ ದಾಟಿಸುವುದು ಉಂಟು. ಮೊರದಲ್ಲಿ ಬೇವಿನ ಸೊಪ್ಪು, ಮಡಕೆ, ಹಳೇ ಸೀರೆ ಇಟ್ಟು, ತಮಟೆ ಬಡಿದುಕೊಂಡು ಹೋಗಿ ಊರಿನ ಎಲ್ಲೆಯ ಆಚೆ ಬಿಟ್ಟು, ಹಿಂತಿರುಗಿ ನೋಡದೆ ಬಂದುಬಿಡುತ್ತಾರೆ. ಈ ಎರಡೂ ಊರಿನವರು ಬಿಡುತ್ತಿದ್ದುದು ಇದೇ ಮರದ ಬುಡದಲ್ಲಿ. ಈ ಊರಿನವರ ಪ್ರಕಾರ ಮರ ಆ ಊರಿನದು, ಆ ಊರಿನವರ ಪ್ರಕಾರ ಈ ಊರಿನದು. ಕೊರೊನಾ ಬಂದಾಗಲೂ ಎರಡು ಊರಿನವರೂ ತಂದು ಬಿಟ್ಟು ಹೋಗಿದ್ದರು, ಒಬ್ಬರಿಗೊಬ್ಬರು ಕಾಣದ ಹಾಗೆ. ಪಂಚಾಯ್ತಿ ಎಲ್ಲೆ ಗುರುತಿಸಲು ಅಳತೆಯವರು ಬಂದಾಗ ಎರಡು ಕಡೆಯ ಹಿರಿಯರೂ ಮರಕ್ಕೆ ದೂರದಲ್ಲೇ ನಿಂತು, ನಮ್ಮದು ಇಲ್ಲಿಗೆ ಮುಗೀತು ಎಂದು ಕೈ ತೋರಿಸಿದ್ದರು. ಮಾರಿ ಬಿಟ್ಟ ಮಣ್ಣನ್ನು ನಮ್ಮದು ಎಂದು ಯಾರು ಹೇಳುತ್ತಾರೆ?

ಆ ಯಾರದೂ ಅಲ್ಲದ ಮಣ್ಣಿನಲ್ಲಿ ಒಂದು ಮನೆ ಇತ್ತು. ಮಣ್ಣಿನ ಗೋಡೆ, ತಗಡಿನ ಸೂರು, ಸೂರಿನ ಮೇಲೆ ಗಾಳಿಗೆ ಹಾರದ ಹಾಗೆ ಇಟ್ಟ ಕಲ್ಲುಗಳು. ಅದು ಪಿಳ್ಳಮ್ಮನ ಮನೆ. ಅರವತ್ತು ದಾಟಿದ ಹೆಂಗಸು, ಈಚಲು ಗರಿಯ ಪೊರಕೆ ಕಟ್ಟಿ ಸಂತೆಗೆ ಹಾಕುತ್ತಿದ್ದರು. ಗಂಡ ಸತ್ತ ಮಗಳು ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಮಾರಿ ಬಿಟ್ಟು ಹೋದ ಮೊರ, ಮಡಕೆ, ಸೀರೆ ಎತ್ತಿಕೊಳ್ಳುವ ಹಕ್ಕು ಹಿಂದಿನಿಂದ ಆ ಮನೆಯವರದು, ಬೇರೆ ಯಾರೂ ಮುಟ್ಟುತ್ತಿರಲಿಲ್ಲ. ವೋಟು ಈ ಊರಿನಲ್ಲಿ, ರೇಷನ್ ಆ ಊರಿನಲ್ಲಿ. ಹಬ್ಬಕ್ಕೆ ಇಬ್ಬರೂ ಕರೆಯುತ್ತಿರಲಿಲ್ಲ, ಎಲೆಕ್ಷನ್ನಿಗೆ ಇಬ್ಬರೂ ಕರೆಯುತ್ತಿದ್ದರು. ಮನೆಗೆ ನಂಬರ್ ಕೊಡಿ ಎಂದು ಪಿಳ್ಳಮ್ಮ ಎರಡು ಪಂಚಾಯ್ತಿಗೂ ಅಲೆದಿದ್ದರು, ಇಬ್ಬರೂ ನಮ್ಮ ಎಲ್ಲೆಯಲ್ಲಿಲ್ಲ ಎಂದು ವಾಪಸ್ಸು ಕಳಿಸಿದ್ದರು. ಈಗ ಹಿಂದಿನ ಹೊಲಗಳನ್ನೆಲ್ಲ ಲೇಔಟಿನವರು ಕೊಂಡು ಕಲ್ಲು ನೆಟ್ಟಿದ್ದರು. ಅವರಿಗೆ ಮುಖ್ಯ ರಸ್ತೆಗೆ ಸೇರುವ ಬಾಯಿ ಬೇಕಿತ್ತು, ಬಾಯಿ ಇದ್ದದ್ದು ಪಿಳ್ಳಮ್ಮನ ಮನೆ ಇದ್ದಲ್ಲಿ. ಒಬ್ಬ ಬಂದು, ನಿನ್ನ ಮನೆ ಯಾವ ಪಂಚಾಯ್ತಿ ಲೆಕ್ಕದಲ್ಲೂ ಇಲ್ಲವಂತಲ್ಲಮ್ಮ, ಇಲ್ಲದ ಮನೆ ಬಿದ್ದುಹೋದರೆ ಯಾರಿಗೆ ಹೋಗಿ ಹೇಳ್ತೀಯ ಎಂದು ನಗುತ್ತಾ ಕೇಳಿ ಹೋಗಿದ್ದನಂತೆ. ಅದನ್ನು ಹೇಳುವಾಗಲೂ ಪಿಳ್ಳಮ್ಮನ ಕೈ ಪೊರಕೆ ಕಟ್ಟುವುದನ್ನು ನಿಲ್ಲಿಸಲಿಲ್ಲ.

ನನಗೆ ಕನಿಕರ ಹುಟ್ಟಿತು, ಅದರ ಜೊತೆಗೇ ಅನುಮಾನವೂ ಹುಟ್ಟಿತು. ಮೇಡಂಗೆ ಈ ಬಿಳಿ ಜಾಗ ಮೊದಲೇ ಗೊತ್ತಿತ್ತು. ತಮ್ಮ ಭಾಗವನ್ನು ಅಷ್ಟು ದಿನ ಕೊಡದೆ ಇಟ್ಟುಕೊಂಡಿದ್ದು ಇದಕ್ಕೇ. ವಾರಕ್ಕೊಮ್ಮೆಯಾದರೂ ಸ್ಕೂಟಿಯಲ್ಲಿ ಅಲ್ಲಿಗೆ ಹೋಗಿ, ಪಿಳ್ಳಮ್ಮನ ಜಗಲಿಯ ಮೇಲೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಾರೆ ಎಂದು ಗುಮಾಸ್ತ ಹೇಳಿದ. ಮೇಡಂಗೆ ಒಬ್ಬ ತಮ್ಮ ಇದ್ದಾನೆ, ಅವನಿಗೆ ಆ ಜಾಗ ಬೇಕಂತೆ ಎಂದೂ ಸೇರಿಸಿದ. ಯಾರು ಹೇಳಿದರು ಎಂದು ಕೇಳಿದೆ. ಎಲ್ಲರೂ ಹೇಳುತ್ತಾರೆ ಎಂದ. ನಾನು ಅರ್ಧ ನಂಬಿದೆ. ಅನುಮಾನಕ್ಕೆ ಅರ್ಧವೇ ಧಾರಾಳ.

ಆ ಅರ್ಧಕ್ಕೆ ಇನ್ನಷ್ಟು ಸೇರುವ ಹಾಗೆ ಅವರು ಒಂದು ಮಧ್ಯಾಹ್ನ ಬಂದು, ನಕ್ಷೆಯಲ್ಲಿ ಗುರುತು ಹಾಕುವುದು ಹೇಗೆಂದು ಕಲಿಸಿಕೊಡು ಎಂದು ಕೂತರು. ಶಾಲೆಗೆ ಒಂದು ಗುರುತು, ಕುಂಟೆಗೆ ಒಂದು, ಗುಡಿಗೆ ಒಂದು, ಅದರ ಪಕ್ಕ ಹೆಸರು. ಹಾಕುವುದನ್ನು ಕಲಿತರು, ಅಳಿಸುವುದನ್ನೂ ಕಲಿತರು. ನಕ್ಷೆಯೇ ಬೇಡ ಎಂದು ಕೂತಿದ್ದವರು ಇಷ್ಟು ಶ್ರದ್ಧೆಯಿಂದ ಕಲಿಯುವುದು ಯಾಕೆ ಎಂದು ನನಗೆ ತಲೆ ಕೊರೆಯಿತು. ಕರಡು ನಕ್ಷೆಯನ್ನು ಉಳಿದ ಮೂರು ಕಚೇರಿಗಳಿಗೆ ಕಳಿಸಿ, ಅವರು ಜಾಗಕ್ಕೆ ಹೋಗಿ ನೋಡಿ ಸರಿಯಿದೆ ಎಂದು ರುಜು ಹಾಕಿ ವಾಪಸ್ಸು ಕೊಡುವುದು ಪದ್ಧತಿ. ಎಲ್ಲರಿಗೂ ನಾನೇ ಕಳಿಸುತ್ತೇನೆ ಎಂದೆ. ಅವರು ಒಪ್ಪಲಿಲ್ಲ. ತಮ್ಮ ಪಂಚಾಯ್ತಿಯ ಅಂಚಿನ ಹಾಳೆಯನ್ನು ಬಿಳಿ ಜಾಗದ ಸಮೇತ ತಾವೇ ಮೂರು ಕಚೇರಿಗೂ ಕಳಿಸುತ್ತೇನೆ ಎಂದರು. ಕಳಿಸಿದರು. ಮೂರು ಕಡೆಯಿಂದಲೂ ‘ಸ್ಥಳ ಪರಿಶೀಲಿಸಲಾಗಿದೆ, ಸರಿಯಿದೆ’ ಎಂದು ರುಜುವಾಗಿ ಬಂತು. ಅವರು ಆ ಹಾಳೆಗಳನ್ನು ನನಗೆ ತೋರಿಸದೆ ಚೀಲಕ್ಕೆ ಹಾಕಿಕೊಂಡರು.

ಅದಾಗಿ ಹೆಚ್ಚು ದಿನ ಆಗಿರಲಿಲ್ಲ, ಬಸ್ ಸ್ಟ್ಯಾಂಡಿನಲ್ಲಿ ಯಾರೋ ಒಂದು ಬಣ್ಣದ ಕಾಗದ ಕೈಗೆ ತುರುಕಿದರು. ಲೇಔಟಿನ ಜಾಹೀರಾತು. ಒಳಗೆ ಒಂದು ನಕ್ಷೆ. ನೋಡಿದ ತಕ್ಷಣ ಗೊತ್ತಾಯಿತು, ಅದು ನಾನು ಎಳೆದ ಗೆರೆ. ತಾಯಿಗೆ ಮಗುವಿನ ಕಾಲ್ಬೆರಳು ಕಂಡರೂ ಗುರುತು ಸಿಗುತ್ತದಲ್ಲ, ಹಾಗೆ. ಇನ್ನೂ ಹೊರಗೆ ಬಾರದ ಕರಡು ನಕ್ಷೆ ಬ್ರೋಕರ್ ಕೈಗೆ ಹೋಗಿತ್ತು. ಬಿಳಿ ಜಾಗ ಇದ್ದಲ್ಲಿ ಅಗಲವಾದ ರಸ್ತೆ, ಕಮಾನು, ಎರಡು ಕಡೆ ಹೂಗಿಡ. ಪಿಳ್ಳಮ್ಮನ ಮನೆ ಇಲ್ಲ. ಕಮಾನಿನ ಪಕ್ಕ ಒಂದು ಗೋಪುರದ ಚಿತ್ರ, ಅದರ ಕೆಳಗೆ ‘ಪುರಾತನ ಮುನೇಶ್ವರ ದೇವಸ್ಥಾನದ ಸನ್ನಿಧಿಯಲ್ಲಿ’ ಎಂದು ಬರೆದಿತ್ತು. ಆ ಜಾಗದಲ್ಲಿ ನಾನು ಕಾಲಿಗೆ ಮುಳ್ಳು ಚುಚ್ಚಿಸಿಕೊಂಡು ಓಡಾಡಿದ್ದೆ. ಅಲ್ಲಿ ಯಾವ ಮುನೇಶ್ವರನೂ ಇರಲಿಲ್ಲ.

ಎಲ್ಲರ ಬೆರಳೂ ಮೇಡಂ ಕಡೆ ತಿರುಗಿತು. ಹಾಳೆಗಳು ಹೋಗಿದ್ದು ಅವರ ಕೈಯಿಂದ. ಬೇಲಿಯೇ ಎದ್ದು ಹೊಲ ಮೇಯ್ದರೆ ಇನ್ನೇನು ಎಂದು ನಾನೂ ಅಂದುಕೊಂಡೆ. ಇಷ್ಟು ದಿನ ಐದನೆಯವನು ಯಾರು ಎಂದು ನಮ್ಮನ್ನು ಕೇಳುತ್ತಿದ್ದುದು ಬರೀ ನಾಟಕವೇ, ಐದನೆಯವನು ಅವರ ತಮ್ಮನೇ ಇರಬಹುದೇ ಎನ್ನಿಸಿತು. ಸಭೆ ಕರೆಯಬೇಕು ಎಂದು ನಾನು ಹೇಳುವ ಮೊದಲೇ ಅವರೇ ಕರೆದಿದ್ದರು.

ಸಭೆಯಲ್ಲಿ ಇದ್ದವರು ಕೆಲವೇ ಜನ. ಪಕ್ಕದ ಪಂಚಾಯ್ತಿಯ ಪಿಡಿಓ, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ. ಉಳಿದೆರಡು ಕಚೇರಿಗಳ ಇಬ್ಬರು ಇಂಜಿನಿಯರುಗಳು, ಒಬ್ಬರು ಹಿರಿಯರು, ಒಬ್ಬರು ಸಣ್ಣ ವಯಸ್ಸಿನವರು. ಯಾರು ಯಾವ ಕಚೇರಿ ಎಂದು ನಾನು ಬರೆಯುವುದಿಲ್ಲ. ಮೇಡಂ ಎಂದಿನ ಹಾಗೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಆ ಬಣ್ಣದ ಕಾಗದವನ್ನು ಮೇಜಿನ ಮೇಲೆ ಹರಡಿದರು. ಕಳವಿನ ಮಾತೇ ಎತ್ತಲಿಲ್ಲ. ಈ ಗುಡಿ ನೋಡಿದೀರಾ ಎಂದು ಒಬ್ಬೊಬ್ಬರನ್ನೇ ಕೇಳಿದರು, ಊಟಕ್ಕೆ ಬಂದವರಿಗೆ ಅನ್ನ ಬೇಕಾ ಎಂದು ಕೇಳುವಷ್ಟು ಮೆಲ್ಲಗೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹಿರಿಯ ಇಂಜಿನಿಯರ್ ಸಾಹೇಬರು ಮುಂದೆ ಬಗ್ಗಿ, “ನೋಡ್ದೆ ಇರ್ತೀವಾ ಮೇಡಂ? ಹಳೇ ಗುಡಿ. ಸ್ಥಳ ಪರಿಶೀಲನೆಗೆ ಹೋದಾಗ ನಾನೇ ಕೈಮುಗಿದು ಬಂದೆ” ಎಂದರು. ಪಕ್ಕದ ಪಂಚಾಯ್ತಿಯ ಹುಡುಗ ಮುಖ ಕೆಂಪಗೆ ಮಾಡಿಕೊಂಡು, ನನ್ನ ಹಾಳೆಯಲ್ಲಿ ಆಂಜನೇಯ ಅಂತ ಇತ್ತಲ್ಲ ಮೇಡಂ ಎಂದ. ಚಿಕ್ಕ ಇಂಜಿನಿಯರ್ ಇನ್ನೂ ಸಣ್ಣ ದನಿಯಲ್ಲಿ, ನಮ್ಮದರಲ್ಲಿ ಗಣೇಶ ಅಂದರು.

ಮೇಡಂ ಚೀಲದಿಂದ ಮೂರು ಹಾಳೆ ತೆಗೆದು ಸಾಲಾಗಿ ಇಟ್ಟರು. ಅದೇ ಜಾಗ, ಅದೇ ಗುಡಿಯ ಗುರುತು. ಒಂದರಲ್ಲಿ ಆಂಜನೇಯ, ಒಂದರಲ್ಲಿ ಗಣೇಶ, ಸಾಹೇಬರದರಲ್ಲಿ ಮುನೇಶ್ವರ. ಮೂರರ ಕೆಳಗೂ ಸ್ಥಳ ನೋಡಿದ್ದೇವೆ, ಸರಿಯಿದೆ ಎಂಬ ರುಜು. ಒಬ್ಬೊಬ್ಬರಿಗೆ ಒಬ್ಬೊಬ್ಬ ದೇವರನ್ನು ಕೊಟ್ಟು, ಯಾವ ದೇವರು ಬೀದಿಗೆ ಬರುತ್ತಾನೆ ಎಂದು ಅವರು ಕಾದು ಕೂತಿದ್ದರು. ಬಂದವನು ಮುನೇಶ್ವರ. ಸಾಹೇಬರ ಹಣೆಯಲ್ಲಿ ಬೆವರು ಕಿತ್ತುಕೊಂಡು ಬಂತು. ಈಗ ಮೇಲಕ್ಕೆ ಬರೆಯುತ್ತಾರೆ, ಈಗ ಪೊಲೀಸರಿಗೆ ಕೊಡುತ್ತಾರೆ ಎಂದು ನಾನು ಕಾಯುತ್ತಿದ್ದೆ. ಅವರು ಹೇಳಿದ್ದು ಬೇರೆಯೇ.

“ಮೂರು ಜನಾನೂ ಕಣ್ಣಾರೆ ನೋಡಿದೀನಿ ಅಂತ ಬರ್ಕೊಟ್ಟಿದೀರ. ಅಂದ್ಮೇಲೆ ಅಲ್ಲಿ ದೇವರಿರೋದು ಸತ್ಯ. ಯಾವ ದೇವರು ಅಂತ ಮಾತ್ರ ತೀರ್ಮಾನ ಆಗ್ಬೇಕು.”

ಮೂವರೂ ಏಕಕಂಠದಿಂದ ಮುನೇಶ್ವರನೇ ಇರಲಿ ಎಂದರು. ಇಲ್ಲ ಎನ್ನುವ ಹಾಗಿರಲಿಲ್ಲ. ಅಲ್ಲಿ ದೇವರೇ ಇಲ್ಲ ಎಂದರೆ ಜಾಗಕ್ಕೆ ಕಾಲೇ ಇಡದೆ ರುಜು ಹಾಕಿದ್ದು ಒಪ್ಪಿಕೊಂಡ ಹಾಗೆ. ಮೇಡಂ ಒಂದೊಂದಾಗಿ ಎಳೆ ಎಳೆದರು. ದೇವರಿರುವ ಜಾಗ ಸಾರ್ವಜನಿಕ ಜಾಗ, ಅದನ್ನು ಎರಡು ಪಂಚಾಯ್ತಿಯೂ ಸೇರಿ ತಮ್ಮದೆಂದು ನಕ್ಷೆಯಲ್ಲಿ ಬರೆಯಬೇಕು, ಲೇಔಟಿಗೆ ಅಲ್ಲಿಂದ ದಾರಿ ಕೊಡುವಂತಿಲ್ಲ. ದೇವರಿದ್ದ ಮೇಲೆ ನೋಡಿಕೊಳ್ಳುವವರೂ ಇರಬೇಕು, ಅಲ್ಲೊಂದು ಮನೆ ಇದೆ, ಅದಕ್ಕೆ ನಮ್ಮ ಪಂಚಾಯ್ತಿಯಿಂದ ನಂಬರ್. ಎಲ್ಲದಕ್ಕೂ ತಲೆ ಅಲ್ಲಾಡಿತು. ಎಲ್ಲರೂ ರುಜು ಹಾಕಿದರು. ಆವತ್ತು ಮೇಡಂ ಪ್ರತಿಯೊಬ್ಬರ ರುಜುವಿನಿಂದಲೂ ಹಾಳೆಯ ಅಂಚಿನವರೆಗೆ ತಾವೇ ಗೆರೆ ಎಳೆದರು.

ಎಲ್ಲರೂ ಹೋದ ಮೇಲೆ ನಾನು ಅವರ ಮೇಲೆ ಹರಿಹಾಯ್ದೆ. ಖುಷಿಪಡಬೇಕಾಗಿತ್ತು, ಆದರೆ ಸಿಟ್ಟೇ ಮೇಲಾಯಿತು. ಕಳ್ಳನನ್ನು ಬಿಟ್ಟಿರಿ, ಹೋಗಲಿ. ನಾನು ಕಣ್ಣು ಕಳೆದುಕೊಂಡು ಮಾಡಿದ ನಕ್ಷೆಯಲ್ಲಿ ಇಲ್ಲದ ದೇವರನ್ನು ತಂದು ಕೂರಿಸಿದಿರಿ, ನಾಲ್ಕು ಕಚೇರಿ ನಂಬುವ ನಕ್ಷೆಗೆ ಸುಳ್ಳು ಸೇರಿಸಿದಿರಿ ಎಂದೆ. ಕಳ್ಳನ ವಿಚಾರಕ್ಕೆ ಅವರ ಉತ್ತರ ಸಲೀಸಾಗಿತ್ತು: ಇವನನ್ನು ಹಿಡಿದು ಕೊಟ್ಟರೆ ಇನ್ನೊಬ್ಬ ಬರುತ್ತಾನೆ, ಅವನು ಎಂಥವನೋ, ಇವನು ನನಗೆ ಗೊತ್ತು, ನನಗೆ ಗೊತ್ತು ಅನ್ನುವುದು ಇವನಿಗೂ ಗೊತ್ತು. ಸುಳ್ಳಿನ ವಿಚಾರಕ್ಕೆ ಮಾತ್ರ ಕನ್ನಡಕ ತೆಗೆದು ನನ್ನನ್ನೇ ನೋಡಿದರು.

“ಇಲ್ಲದ್ದನ್ನ ಇದೆ ಅಂತ ಹಾಕಿದ್ದಕ್ಕೆ ಇಷ್ಟು ಕೋಪ ಬಂತು ನಿನಗೆ. ಇರೋ ಮನೆ ಇಲ್ಲ ಅಂತ ತೋರಿಸ್ತಿತ್ತಲ್ಲಮ್ಮ ನಿನ್ನ ನಕ್ಷೆ, ಆಗ ಯಾಕ್ ಬರ್ಲಿಲ್ಲ?”

ಆವತ್ತು ಸಂಜೆಯೇ ಕೂತು ಪಿಳ್ಳಮ್ಮನ ಮನೆಯನ್ನು ನಕ್ಷೆಗೆ ಹಾಕಿದೆ. ಹಾಗಂತ ಅವರ ಮೇಲಿನ ಅನುಮಾನ ಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಒಂದು ಜಾಗವನ್ನು ಬ್ರೋಕರ್ ಬಾಯಿಂದ ಬಿಡಿಸಿದವರು ಅದನ್ನು ತಮಗೇ ಇಟ್ಟುಕೊಳ್ಳುವುದು ನಮ್ಮ ಕಡೆ ಹೊಸದೇನಲ್ಲ. ಒಳ್ಳೆಯ ಕೆಲಸದ ಬುಡದಲ್ಲೂ ಯಾರದೋ ತಮ್ಮ ಇರುತ್ತಾನೆ. ಆಗಾಗ ನಕ್ಷೆ ತೆರೆದು, ಆ ಜಾಗದ ಮೇಲೆ ಒತ್ತಿ, ಯಾರ ಹೆಸರು ಬಂದಿದೆ ಎಂದು ನೋಡುತ್ತಿದ್ದೆ. ಜಾಗಕ್ಕೆ ಎರಡು ಪಂಚಾಯ್ತಿಯ ಹೆಸರು, ಮನೆಗೆ ಪಿಳ್ಳಮ್ಮನ ಹೆಸರು. ಈಗಲೂ ನೋಡುತ್ತೇನೆ. ಅದೇ ಇದೆ.

ಮುಂದಿನ ಸಲ ನಾನು ಅಲ್ಲಿಗೆ ಹೋದಾಗ ಹೊಂಗೆ ಮರದ ಬುಡದಲ್ಲಿ ಒಂದು ಕಲ್ಲಿತ್ತು. ಮೊಣಕಾಲುದ್ದದ ಕರೀ ಕಲ್ಲು, ಅರಿಶಿನ ಕುಂಕುಮ, ಒಂದು ನಿಂಬೆಹಣ್ಣು. ಜಾಲಿ ಸವರಿದ್ದರು, ಮುರಿದ ಮಡಕೆಗಳನ್ನು ಒಂದು ಮೂಲೆಗೆ ಒಟ್ಟಿದ್ದರು. ಯಾರು ಇಟ್ಟರೋ ಗೊತ್ತಾಗಲಿಲ್ಲ. ಲೇಔಟಿನವರೇ ಇಟ್ಟಿರಬಹುದು, ಹೇಗೂ ಜಾಹೀರಾತಿನಲ್ಲಿ ಹಾಕಿ ಸೈಟು ಮಾರಿದ್ದರಲ್ಲ. ಸಾಹೇಬರೇ ಹೆದರಿ ತಂದು ಇಟ್ಟಿರಬಹುದು. ಪಿಳ್ಳಮ್ಮನೂ ಇಟ್ಟಿರಬಹುದು. ಮೇಡಂ ಮೇಲಂತೂ ನನಗೆ ಎಲ್ಲರಿಗಿಂತ ಹೆಚ್ಚು ಗುಮಾನಿ. ಆದರೆ ಆ ಕಲ್ಲು ನೆಲದಿಂದ ಎದ್ದು ಬಂದ ಹಾಗೆ ಹಳೆಯದಾಗಿತ್ತು, ಒಂದು ಪಕ್ಕ ಪಾಚಿ ಕಟ್ಟಿ ಒಣಗಿತ್ತು. ಜಾಲಿಯೊಳಗೆ ಮೊದಲೇ ಇತ್ತೋ, ನಾನು ನೋಡಿರಲಿಲ್ಲವೋ. ಗೆರೆ ಎಳೆಯುವವಳಾಗಿ ನಾನು ಅಲ್ಲಿ ಅಂಚನ್ನು ನೋಡಿದ್ದೆನೇ ಹೊರತು ಬುಡವನ್ನು ನೋಡಿರಲಿಲ್ಲ.

ಮೇಡಂ ನಿವೃತ್ತಿಯಾದ ದಿನ ನಾವೆಲ್ಲ ದುಡ್ಡು ಹಾಕಿ ಒಂದು ಸೀರೆ ತಂದೆವು. ಹಾರ, ಪೇಟ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಅಧ್ಯಕ್ಷರು ಭಾಷಣದಲ್ಲಿ ಇಂಥ ಪ್ರಾಮಾಣಿಕ ಅಧಿಕಾರಿ ಇನ್ನೊಬ್ಬರಿಲ್ಲ ಎಂದಾಗ, ಮುಂದಿನ ಸಾಲಿನಲ್ಲಿ ಕೂತ ನನಗೆ ಅವರ ತುಟಿ ಅಲುಗಿದ್ದು ಕಾಣಿಸಿತು. ಯಾವ ಮಾತು ಅಂದುಕೊಂಡಿರುತ್ತಾರೆ ಎಂದು ನಾನು ಹೇಳಬೇಕಾಗಿಲ್ಲ. ಸೀರೆ ಕೈಗೆ ಬಂದಾಗ ಸಭೆಯ ನಡುವೆಯೇ ಮಡಿಕೆ ಬಿಚ್ಚಿ, ಸೆರಗಿನಿಂದ ಎಳೆ ಕಿತ್ತು, ಬೆಂಕಿಪೊಟ್ಟಣ ಹುಡುಕಿದರು. ಈ ಸಲ ನಾನು ತಯಾರಾಗಿಯೇ ಇದ್ದೆ. ಅಂಗಡಿಯಲ್ಲಿ ಎಳೆ ಕಿತ್ತು ಸುಟ್ಟು ನೋಡಿಯೇ ತಂದಿದ್ದೆ. ಕೂದಲು ಸುಟ್ಟ ವಾಸನೆ ಸಭೆಗೆಲ್ಲ ಬಂತು. ಅವರು ಬೂದಿಯನ್ನು ಬೆರಳಲ್ಲಿ ಉಜ್ಜಿ, ನನ್ನ ಕಡೆ ನೋಡಿ, “ಕಲ್ತುಬಿಟ್ಟೆ” ಎಂದರು. ನನಗೆ ಸಿಕ್ಕ ಸರ್ಟಿಫಿಕೇಟುಗಳಲ್ಲಿ ನಾನು ಇಟ್ಟುಕೊಂಡಿರುವುದು ಅದೊಂದನ್ನೇ.

ಅದಾಗಿ ಕೆಲವು ತಿಂಗಳಿಗೆ, ಒಂದು ಸೋಮವಾರ, ಅವರನ್ನು ನನ್ನ ಗಾಡಿಯ ಹಿಂದೆ ಕೂರಿಸಿಕೊಂಡು ಹೊಂಗೆ ಮರದ ಹತ್ತಿರ ಹೋದೆ. ಆಗಲೇ ಉಸಿರಾಡಲು ಸ್ವಲ್ಪ ಕಷ್ಟವಾಗುತ್ತಿತ್ತು ಅವರಿಗೆ. ಕಲ್ಲಿನ ಮೇಲೆ ತಗಡಿನ ಚಾವಣಿ ಬಂದಿತ್ತು, ಗಂಟೆ ಬಂದಿತ್ತು. ಲಾರಿಯವರು ನಿಲ್ಲಿಸಿ ಮುನೇಶ್ವರನ ಮುಂದೆ ಬೀಡಿ ಹಚ್ಚಿಟ್ಟು ಹೋಗುತ್ತಿದ್ದರು. ಎರಡು ಊರಿನವರೂ ಬಂದಿದ್ದರು, ಈ ಮರ ನಮ್ಮದು ಎಂದು ಎರಡು ಊರಿನವರೂ ಹೇಳುತ್ತಿದ್ದರು. ಪಿಳ್ಳಮ್ಮ ಮುಖಕ್ಕೆ ಅರಿಶಿನ ಹಚ್ಚಿಕೊಂಡು, ಒಂದು ಕಡೆ ಪೊರಕೆ, ಒಂದು ಕಡೆ ಕರ್ಪೂರ ಇಟ್ಟುಕೊಂಡು ಕೂತಿದ್ದರು. ಬಾಗಿಲಿನ ಮೇಲೆ ಮನೆಯ ನಂಬರ್ ಬರೆದ ತಗಡು. ಅದಕ್ಕೂ ಒಂದು ಚಿಟಿಕೆ ಕುಂಕುಮ ಇಟ್ಟಿದ್ದರು.

ಮೇಡಂ ಅವರನ್ನು ನೋಡಿ ಪಿಳ್ಳಮ್ಮ ಎದ್ದು ಬಂದರು. ದೇವರ ಕಥೆ ಗೊತ್ತಿಲ್ಲದವರಿಗೆ ಹೇಳುವ ಹಾಗೆಯೇ ನಮಗೂ ಹೇಳಿದರು.

“ನಮ್ಮತ್ತೆ ಕಾಲ್ದಿಂದ್ಲೂ ಐತೆ ಮೇಡಮ್ಮೋರೆ ಈ ಸ್ವಾಮಿ. ಬಿಟ್ಟೋದ ಮಾರಿ ತಿರುಗಿ ಯಾವೂರ್ಗೂ ಹೋಗ್ದಂಗೆ ಹಿಡ್ಕಂಡು ಕೂತಿರೋನೆ ಇವ್ನು. ಅದ್ಕೇ ಅಲ್ವಾ ಎರಡೂರೋರೂ ಇಲ್ಲೇ ತಂದು ಬಿಡ್ತಿದ್ದಿದ್ದು?”

ಈಗ ಬರುತ್ತದೆ ಆ ಪ್ರಶ್ನೆ ಎಂದು ನಾನು ಕಾದೆ. ಅಂಥ ಮಾತಿಗೆ ಅವರು ಅದನ್ನು ಕೇಳದೆ ಬಿಟ್ಟಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಅವರು ಪಿಳ್ಳಮ್ಮನ ಮುಖ ನೋಡಿದರು, ಬಾಗಿಲಿನ ಮೇಲಿನ ತಗಡು ನೋಡಿದರು, ಕಲ್ಲು ನೋಡಿದರು. ಕೇಳಲಿಲ್ಲ. ಚಪ್ಪಲಿ ಬಿಟ್ಟು, ಚೀಲವನ್ನು ನನ್ನ ಕೈಗೆ ಕೊಟ್ಟು, ಹೋಗಿ ಕೈಮುಗಿದರು. ಅಷ್ಟು ವರ್ಷದಲ್ಲಿ ಆ ಚೀಲ ನನ್ನ ಕೈಗೆ ಬಂದಿದ್ದು ಅದೊಂದೇ ಸಲ. ಅಂದುಕೊಂಡಷ್ಟು ಭಾರ ಇರಲಿಲ್ಲ.

ವಾಪಸ್ಸು ಬಂದು ಚಪ್ಪಲಿ ಮೆಟ್ಟಿಕೊಳ್ಳಲು ನನ್ನ ಹೆಗಲು ಹಿಡಿದುಕೊಂಡರು. ತಡೆಯಲಾರದೆ ಕೇಳಿಯೇಬಿಟ್ಟೆ, ಅವರ ಕಿವಿಗೆ ಮಾತ್ರ ಕೇಳುವ ಹಾಗೆ. “ಮೇಡಂ, ಈ ದೇವರನ್ನ ಇಲ್ಲಿ ತಂದು ಕೂರಿಸಿದ್ದು ನೀವೇ ಅಲ್ವಾ?”

ಅವರು ಚೀಲವನ್ನು ನನ್ನ ಕೈಯಿಂದ ತಗೊಂಡರು. ಜಿಪ್ಪು ಸರಿಯಾಗಿದೆಯೇ ಎಂದು ನೋಡಿಕೊಂಡರು.

“ಯಾರ್ ಹೇಳಿದ್ದು?” ಎಂದರು.